ಹೂಳುವ ಮುಂಚೆ ಕರಾರು ಓದು

ಮಗಳೇ,

ನಿನ್ನ ಹೊಸ ಕೆಲಸದ ಬಗ್ಗೆ ನಿಮ್ಮಪ್ಪ ಹೇಳಿದ್ದು ಇಷ್ಟೇ: "ಅದೇನೋ ಹೊಗೆ ಹಿಡಿದು ನೆಲದೊಳಗೆ ಹೂಳೋ ಕಂಪನಿಗಳಿಗೆ ದುಡ್ಡು ಹೊಂದಿಸಿಕೊಡೋದಂತೆ ಅಣ್ಣ." ಹೆಮ್ಮೆ ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು ಅವನಿಗೆ. ನೀನು ಮಾತ್ರ ಸುತ್ತಿಬಳಸದೆ ಕೇಳಿದೆ: ಯೋಜನಾ ವರದಿಯಲ್ಲಿ ಕಾರ್ಬನ್ ಕ್ರೆಡಿಟ್ ಮಾರಾಟದ ಆದಾಯ ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದಾ ದೊಡ್ಡಪ್ಪ? ಅವಧಿ ಸಾಲದ ಅರ್ಜಿಗಳನ್ನು ತೂಗಿ ನೋಡುವುದರಲ್ಲೇ ತಲೆ ನರೆತವನನ್ನು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ರೆಡಿಟ್ ನೋಡಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆ ಕ್ರೆಡಿಟ್ಟನ್ನು ಇಂಥವರು, ಇಂಥ ದರಕ್ಕೆ, ಇಷ್ಟು ವರ್ಷ ಕೊಂಡೇ ಕೊಳ್ಳುತ್ತಾರೆ ಎಂಬ ಕರಾರು ನೋಡಿ ಕೊಡುತ್ತದೆ. ನಮ್ಮ ಕಡೆ ಹಸುವಿನ ಸಾಲ ಹೇಗೆ ಕೊಡುತ್ತಿದ್ದೆವು ಗೊತ್ತಾ? ಕೆಚ್ಚಲು ನೋಡಿ ಅಲ್ಲ. ಸಾಲಗಾರ ಹಾಲಿನ ಸಂಘಕ್ಕೆ ದಿನಾ ಹಾಲು ಹಾಕುತ್ತಾನಾ, ಬಟವಾಡೆಯಲ್ಲೇ ಕಂತು ಹಿಡಿದು ಬ್ಯಾಂಕಿಗೆ ಕಟ್ಟುತ್ತೇವೆಂದು ಸಂಘದವರು ಒಪ್ಪಿಗೆ ಪತ್ರ ಕೊಟ್ಟಿದ್ದಾರಾ, ಅದನ್ನು ನೋಡಿ. ಪೇಟೆಯಲ್ಲಿ ಹಾಲಿಗೆ ಬೆಲೆ ಎಷ್ಟು ಎಂಬುದು ಆಮೇಲಿನ ಪ್ರಶ್ನೆ. ನಿನ್ನ ಮೇಜಿಗೆ ಬರುವ ಸಾವಿರಾರು ಕೋಟಿಯ ಫೈಲುಗಳಲ್ಲಿಯೂ ಹುಡುಕಬೇಕಾದದ್ದು ಆ ಒಪ್ಪಿಗೆ ಪತ್ರವನ್ನೇ.

ಕಾರ್ಬನ್ ಕ್ರೆಡಿಟ್ ಎಂದರೆ ಏನೋ ಹೊಚ್ಚಹೊಸದು ಎಂಬಂತೆ ನಿಮ್ಮ ಆಫೀಸಿನ ಹುಡುಗರು ಮಾತಾಡಬಹುದು. ಇಲ್ಲಮ್ಮಾ, ಇದರ ಮೊದಲನೇ ಸುತ್ತು ನಾವೇ ನೋಡಿದ್ದೇವೆ. 2005ರಲ್ಲಿ ಕ್ಯೋಟೊ ಒಪ್ಪಂದ ಜಾರಿಗೆ ಬಂದ ಮೇಲೆ ಸಿಡಿಎಂ ಎಂಬ ವ್ಯವಸ್ಥೆ ನಡೆಯಿತು. ಬಡ ದೇಶದಲ್ಲಿ ಯಾರಾದರೂ ಮಾಲಿನ್ಯ ತಗ್ಗಿಸಿದರೆ ಅದಕ್ಕೊಂದು ಪ್ರಮಾಣಪತ್ರ. ಯುರೋಪಿನ ಕಾರ್ಖಾನೆಗಳು ಅದನ್ನು ಕೊಂಡು ತಮ್ಮ ಲೆಕ್ಕ ತುಂಬಿಕೊಳ್ಳಬಹುದಿತ್ತು. ಚೀನಾ ಬಿಟ್ಟರೆ ಅತಿ ಹೆಚ್ಚು ಯೋಜನೆಗಳು ಭಾರತದವೇ. ನಮ್ಮ ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳು, ಬಯಲುಸೀಮೆಯ ಗಾಳಿಯಂತ್ರಗಳು, ಮಲೆನಾಡಿನ ಕಿರು ಜಲವಿದ್ಯುತ್ತು, ಎಲ್ಲರ ಪ್ರಾಜೆಕ್ಟ್ ರಿಪೋರ್ಟಿನಲ್ಲೂ "ಸಿಇಆರ್ ಆದಾಯ" ಎಂದು ಆ ಪ್ರಮಾಣಪತ್ರಗಳ ಆದಾಯದ ಒಂದು ಸಾಲು ಇರುತ್ತಿತ್ತು. 2008ರ ಹೊತ್ತಿಗೆ ಟನ್ನಿಗೆ 20 ಯೂರೋ ದಾಟಿದ್ದ ಆ ಪ್ರಮಾಣಪತ್ರ 2012ರ ಕೊನೆಗೆ 1 ಯೂರೋಗಿಂತ ಕೆಳಗೆ ಬಿದ್ದಿತ್ತು. ಯುರೋಪಿನಲ್ಲಿ ಆರ್ಥಿಕ ಹಿಂಜರಿತ ಬಂತು, ಕಾರ್ಖಾನೆಗಳು ಕಡಿಮೆ ಓಡಿದವು, ಪ್ರಮಾಣಪತ್ರಗಳು ಬೇಕಾದ್ದಕ್ಕಿಂತ ಹೆಚ್ಚು ರಾಶಿಬಿದ್ದವು. ಸಾಲದೆಂಬಂತೆ 2013ರಿಂದಾಚೆ ನೋಂದಣಿಯಾಗುವ ಯೋಜನೆಗಳಲ್ಲಿ ಅತಿ ಹಿಂದುಳಿದ ದೇಶಗಳವನ್ನು ಮಾತ್ರ ಕೊಳ್ಳುತ್ತೇವೆ ಎಂದು ಯುರೋಪು ಬಾಗಿಲು ಹಾಕಿತು. ಭಾರತ ಆ ಪಟ್ಟಿಯಲ್ಲಿ ಇಲ್ಲ.

ಕಬ್ಬಿನ ಸಿಪ್ಪೆ ಉರಿಸುವ ಆ ಸಹವಿದ್ಯುತ್ ಘಟಕಗಳು ಅಷ್ಟಾದರೂ ಉಳಿದವಲ್ಲ, ಹೇಗೆ? ಅವು ಮಾರುತ್ತಿದ್ದದ್ದು ಕರೆಂಟು. ಎಸ್ಕಾಂ ಜೊತೆ ವಿದ್ಯುತ್ ಖರೀದಿ ಒಪ್ಪಂದ ಇತ್ತು. ಕ್ರೆಡಿಟ್ಟು ಮೇಲುಸಂಪಾದನೆ ಮಾತ್ರ. ಆಗಲೂ ನಮ್ಮ ಪದ್ಧತಿ ಏನೆಂದರೆ, ಸಿಇಆರ್ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದ ಆದಾಯದಲ್ಲಿ ಕಂತು ತೀರುತ್ತದಾ ಎಂದು ಮತ್ತೊಮ್ಮೆ ಲೆಕ್ಕ ಹಾಕುವುದು. ತೀರಿದರೆ ಫೈಲು ಮುಂದಕ್ಕೆ.

ಆದರೆ ಆ ಪೆನ್ಸಿಲ್ ನಿನಗೆ ಉಪಯೋಗಕ್ಕೆ ಬರುವುದಿಲ್ಲ. ಇಂಗಾಲ ಹಿಡಿದು ಹೂಳುವ ಯೋಜನೆಗೆ ಬೇರೆ ಸರಕೇ ಇಲ್ಲ. ಹಿಡಿದ ಅನಿಲವನ್ನು ಯಾರೂ ಕೊಂಡು ತಿನ್ನುವುದಿಲ್ಲ, ಉರಿಸುವುದಿಲ್ಲ. "ಇಷ್ಟು ಟನ್ನು ಶಾಶ್ವತವಾಗಿ ಒಳಗೆ ಹೋಯಿತು" ಎಂಬ ಚೀಟಿಯೊಂದೇ ಬೆಳೆ. ಆ ಸಾಲನ್ನು ಹೊಡೆದುಹಾಕಿದರೆ ಆದಾಯದ ಪುಟ ಪೂರ್ತಿ ಖಾಲಿ. ಹಾಗಾಗಿ ನೀನು ಅದನ್ನು ಹೊಡೆದುಹಾಕಲೂ ಆಗದು, ಹಾಗೇ ನಂಬಲೂ ಆಗದು. ನಿನ್ನ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ಮುಂದೆ ಹೋಗುವ ಮೊದಲು ಒಂದು ಗೆರೆ ಎಳೆದುಕೋ. ಅನಿಲ ಹೂಳಿದವರೆಲ್ಲ "ತೆಗೆದುಹಾಕಿದ" ಕ್ರೆಡಿಟ್ ಮಾರಲು ಬರುವುದಿಲ್ಲ. ನಾರ್ವೆಯ ಬ್ರೆವಿಕ್‌ನಲ್ಲಿ ಹೈಡೆಲ್‌ಬರ್ಗ್ ಮೆಟೀರಿಯಲ್ಸ್ ಕಂಪನಿಯ ಸಿಮೆಂಟ್ ಕಾರ್ಖಾನೆ ಇದೆ. 2025ರಿಂದ ಅದರ ಚಿಮಣಿಯಲ್ಲಿ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಯಂತ್ರ ಕೂತಿದೆ. ಬಹಳ ಒಳ್ಳೆಯ ಕೆಲಸ. ಆದರೆ ಆ ಅನಿಲದ ಬಹುಪಾಲು ಸುಣ್ಣದಕಲ್ಲಿನಿಂದ, ಇಂಧನದಿಂದ ಬಂದದ್ದು. ಭೂಮಿಯೊಳಗೆ ಇದ್ದದ್ದು ಮತ್ತೆ ಭೂಮಿಗೆ ಹೋಯಿತು, ಅಷ್ಟೇ. ಹೊಸದಾಗಿ ಸೇರುವುದು ತಪ್ಪಿತೇ ಹೊರತು ಗಾಳಿಯಲ್ಲಿ ಆಗಲೇ ಇದ್ದದ್ದು ಇಳಿಯಲಿಲ್ಲ. ಮರವನ್ನೋ ಹುಲ್ಲನ್ನೋ ಉರಿಸಿ ಬಂದ ಅನಿಲ ಹಾಗಲ್ಲ. ಗಿಡ ಅದನ್ನು ಗಾಳಿಯಿಂದಲೇ ಎಳೆದುಕೊಂಡಿತ್ತು. ಅದನ್ನು ಹಿಡಿದು ಹೂಳಿದರೆ ಗಾಳಿಯ ಲೆಕ್ಕದಲ್ಲಿ ನಿಜವಾಗಿ ಕಡಿಮೆಯಾಗುತ್ತದೆ. ನೇರ ಗಾಳಿಯಿಂದಲೇ ಯಂತ್ರದಲ್ಲಿ ಹೀರುವುದೂ ಉಂಟು, ಐಸ್‌ಲ್ಯಾಂಡಿನಲ್ಲಿ ಕ್ಲೈಮ್‌ವರ್ಕ್ಸ್ 2021ರಿಂದ ಮಾಡುತ್ತಿರುವ ಹಾಗೆ. ಅದಕ್ಕೆ ಟನ್ನಿಗೆ ನೂರಾರು ಡಾಲರ್ ಬೀಳುತ್ತದೆ, ಮೊದಲ ಘಟಕ ತನ್ನ 4,000 ಟನ್ನಿನ ಸಾಮರ್ಥ್ಯ ಮುಟ್ಟಲೇ ಇಲ್ಲ. ಸಾಲ ತೀರಿಸುವ ಮಾತು ಬಂದಾಗ ನಾನಾದರೆ ಸದ್ಯಕ್ಕೆ ಚಿಮಣಿಯ ಕಡೆಗೇ ನೋಡುತ್ತೇನೆ.

ಚಿಮಣಿ ಅಂದರೆ ಸ್ಟಾಕ್‌ಹೋಮ್. ಈ ಕ್ಷೇತ್ರದಲ್ಲಿ ಒಂದೇ ಒಂದು ಯೋಜನೆಯನ್ನು ಕೂಲಂಕಷವಾಗಿ ಓದಬೇಕು ಎಂದರೆ ಅದನ್ನೇ ಓದು. ನಗರದ ಬಂದರಿನ ಪಕ್ಕ ವಾರ್ತನ್ ಎಂಬಲ್ಲಿ ಸ್ಟಾಕ್‌ಹೋಮ್ ಎಕ್ಸೆರ್ಗಿ ಎಂಬ ಸಂಸ್ಥೆಯ ಉಷ್ಣ ವಿದ್ಯುತ್ ಸ್ಥಾವರವಿದೆ. ಅರ್ಧ ಪಾಲು ನಗರಾಡಳಿತದ್ದು, ಇನ್ನರ್ಧ ಯುರೋಪಿನ ಪಿಂಚಣಿ ನಿಧಿಗಳಂಥ ಹೂಡಿಕೆದಾರರ ಕೂಟದ್ದು. ಕಾಡಿನ ಕೊಂಬೆರೆಂಬೆ, ಮರದ ಮಿಲ್ಲಿನ ಚೂರುಪಾರು ಉರಿಸಿ ಕರೆಂಟು ತೆಗೆಯುತ್ತಾರೆ, ಉಳಿದ ಬಿಸಿಯನ್ನು ಕೊಳವೆಯಲ್ಲಿ ಮನೆಮನೆಗೆ ಕಳಿಸುತ್ತಾರೆ. ಆ ಹೊಗೆಯಿಂದ ವರ್ಷಕ್ಕೆ 8 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕ ಈಗ ಕಟ್ಟುತ್ತಿದ್ದಾರೆ. 2028ರಲ್ಲಿ ಶುರುವಾಗಬೇಕು. ಹೂಡಿಕೆ 1,300 ಕೋಟಿ ಸ್ವೀಡಿಷ್ ಕ್ರೋನಾ. ನಮ್ಮ ದುಡ್ಡಿನಲ್ಲಿ ಹತ್ತು ಸಾವಿರ ಕೋಟಿ ರೂಪಾಯಿ ಮೀರುತ್ತದೆ.

ಇಷ್ಟು ದುಡ್ಡು ಹೇಗೆ ಹೊಂದಿತು ಎಂಬುದೇ ನಿನಗೆ ಪಾಠ. ಮೊದಲು ಯುರೋಪಿಯನ್ ಒಕ್ಕೂಟದ ಇನ್ನೊವೇಶನ್ ಫಂಡ್ 18 ಕೋಟಿ ಯೂರೋ ಅನುದಾನ ಮಂಜೂರು ಮಾಡಿತು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ 33.3 ಲಕ್ಷ ಟನ್ ಕ್ರೆಡಿಟ್ ಕೊಳ್ಳುವ ಕರಾರಿಗೆ ಸಹಿ ಹಾಕಿತು. ಮರುವರ್ಷ ಅದನ್ನು 50.8 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಸ್ವೀಡನ್ ಸರ್ಕಾರ ನಡೆಸಿದ ಹಿಮ್ಮುಖ ಹರಾಜಿನಲ್ಲಿ, ಅಂದರೆ ಟನ್ನಿಗೆ ಯಾರು ಕಡಿಮೆ ನೆರವು ಕೇಳುತ್ತಾರೋ ಅವರಿಗೆ ಕೊಡುವ ಹರಾಜಿನಲ್ಲಿ, 15 ವರ್ಷಗಳಿಗೆ ಗರಿಷ್ಠ 2,000 ಕೋಟಿ ಕ್ರೋನಾ ಬೆಂಬಲ ಸಿಕ್ಕಿತು. ಹೂಳಿದ ಟನ್ನಿಗೆ ಇಷ್ಟು ಎಂಬ ಲೆಕ್ಕ ಅದು, ಹೂಳದಿದ್ದರೆ ಇಲ್ಲ. ಅನುದಾನ, ಮೊದಲ ಖರೀದಿ ಕರಾರು, ಸರ್ಕಾರದ ಬೆಂಬಲ ಕೈಗೆ ಬಂದ ಮೇಲೆ, 2025ರ ಮಾರ್ಚ್ 27ರಂದು, ಕಟ್ಟುತ್ತೇವೆ ಎಂಬ ಅಂತಿಮ ತೀರ್ಮಾನವಾಯಿತು. ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ 26 ಕೋಟಿ ಯೂರೋ ಸಾಲವೂ ಈ ಹೂಡಿಕೆಗೆ ಸೇರಿತು.

ಕ್ರಮ ಗಮನಿಸು. ಅನುದಾನ ಮುಂದೆ, ಖರೀದಿದಾರನ ಸಹಿ ಆಮೇಲೆ, ಸರ್ಕಾರದ ಹದಿನೈದು ವರ್ಷದ ಭರವಸೆ ಅದರ ಹಿಂದೆ. ಸಾಲದ ಮಾತು ಗಟ್ಟಿಯಾದದ್ದು ಎಲ್ಲಕ್ಕಿಂತ ಕೊನೆಗೆ. ನಿಮ್ಮಲ್ಲಿಗೆ ಬರುವ ಉತ್ಸಾಹಿಗಳು ಇದನ್ನು ತಲೆಕೆಳಗು ಮಾಡಿ ತರುತ್ತಾರೆ: ಸಾಲ ಕೊಡಿಸಿ, ಘಟಕ ಕಟ್ಟುತ್ತೇವೆ, ಆಮೇಲೆ ಕ್ರೆಡಿಟ್ ಕೊಳ್ಳುವವರು ಓಡಿಬರುತ್ತಾರೆ. ಯಾರೂ ಓಡಿಬರುವುದಿಲ್ಲ ಕಣಮ್ಮಾ.

ಇನ್ನೊಂದು ವಿಷಯ ಪತ್ರಿಕೆಯ ಸುದ್ದಿಯಲ್ಲಿ ಮರೆಯಾಗುತ್ತದೆ. ಹೊಗೆಯಿಂದ ಈ ಅನಿಲವನ್ನು ಬೇರ್ಪಡಿಸಲು ಅಪಾರ ಶಕ್ತಿ ಬೇಕು. ಬೇರೆ ಕಡೆ ಅದು ಶುದ್ಧ ನಷ್ಟ. ಸ್ಟಾಕ್‌ಹೋಮ್‌ನಲ್ಲಿ ಆ ಬಿಸಿಯ ಬಹುಭಾಗವನ್ನು ಮತ್ತೆ ಹಿಡಿದು ಮನೆ ಬೆಚ್ಚಗಿಡುವ ಕೊಳವೆಗೆ ತಿರುಗಿಸಿಬಿಡುತ್ತಾರೆ. ಚಳಿ ಊರಿನ ಅನುಕೂಲ ಅದು. ಅಲ್ಲಿನ ಟನ್ನಿನ ದರ ತಂದು ಬಳ್ಳಾರಿಯ ಬಿಸಿಲಿಗೆ ಹಾಕಿ ತೋರಿಸುವ ಕನ್ಸಲ್ಟೆಂಟ್ ಬಂದರೆ ಕಾಫಿ ಕೊಟ್ಟು ಕಳಿಸು.

ಹಿಡಿದದ್ದಾಯಿತು, ಹೂಳುವುದು ಎಲ್ಲಿ? ಸ್ವೀಡನ್ನಿನಲ್ಲಿ ಅಲ್ಲ. ಅನಿಲವನ್ನು ದ್ರವ ಮಾಡಿ ಹಡಗಿಗೆ ತುಂಬಿ, ನಾರ್ವೆಯ ಬರ್ಗೆನ್ ಹತ್ತಿರದ ಓಯ್‌ಗಾರ್ಡೆನ್‌ಗೆ ಒಯ್ದು, ಅಲ್ಲಿಂದ ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ ಕಡಲಿನತ್ತ ಸಾಗಿಸಿ, ಸಮುದ್ರತಳದ 2,600 ಮೀಟರ್ ಕೆಳಗಿನ ಮರಳುಗಲ್ಲಿಗೆ ಇಳಿಸುತ್ತಾರೆ. ನಾರ್ದರ್ನ್ ಲೈಟ್ಸ್ ಎಂದು ಆ ವ್ಯವಸ್ಥೆಯ ಹೆಸರು. ಈಕ್ವಿನಾರ್, ಶೆಲ್, ಟೋಟಲ್‌ಎನರ್ಜೀಸ್ ಮೂವರೂ ಪಾಲುದಾರರು. 2025ರ ಆಗಸ್ಟಿನಲ್ಲಿ ಮೊದಲ ಅನಿಲ ಒಳಗೆ ಹೋಯಿತು. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 15 ಲಕ್ಷ ಟನ್. ಅದನ್ನು 50 ಲಕ್ಷಕ್ಕೆ ಏರಿಸುವ ಎರಡನೇ ಹಂತಕ್ಕೆ ಅವರು ಯಾವತ್ತು ಒಪ್ಪಿದರು ಗೊತ್ತಾ? ಅದೇ ಮಾರ್ಚ್ 27ರಂದು. ವರ್ಷಕ್ಕೆ 9 ಲಕ್ಷ ಟನ್ನಿನವರೆಗೆ 15 ವರ್ಷ ಕಳಿಸುತ್ತೇವೆ ಎಂದು ಸ್ಟಾಕ್‌ಹೋಮ್ ಎಕ್ಸೆರ್ಗಿ ಬರೆದುಕೊಟ್ಟಿತು. ಆ ಕರಾರಿನ ಬಲದ ಮೇಲೆ ನಾರ್ವೆಯವರು ಇನ್ನಷ್ಟು ಬಾವಿ, ಹಡಗು, ತೊಟ್ಟಿಗೆ ದುಡ್ಡು ಹಾಕಿದರು. ಇವರಿಲ್ಲದೆ ಅವರಿಲ್ಲ, ಅವರಿಲ್ಲದೆ ಇವರಿಲ್ಲ. ಒಬ್ಬರು ಒಂದು ವಾರ ಮೊದಲು ಸಹಿ ಹಾಕಿದ್ದರೂ ಆ ವಾರದ ಅಪಾಯವೆಲ್ಲ ಅವರೊಬ್ಬರ ತಲೆಯ ಮೇಲೆ.

ಈ ಸರಪಳಿಯ ಅಪಾಯವನ್ನು ನೀನು ಚೆನ್ನಾಗಿ ಅರೆದು ಕುಡಿಯಬೇಕು. ಘಟಕ ಸಿದ್ಧವಾಗಿ ಹಡಗು ಬಾರದಿದ್ದರೆ? ಹಡಗು ಬಂದು ಬಾವಿಗೆ ಪರವಾನಗಿ ಸಿಗದಿದ್ದರೆ? ಎರಡೂ ಇದ್ದು, ಕಟ್ಟಿಗೆಯ ಬೆಲೆ ಏರಿ ಸ್ಥಾವರವೇ ಅರ್ಧ ಓಡಿದರೆ? ನಾರ್ವೆಯಲ್ಲಿ ಈ ಸರಪಳಿಯ ಮೊದಲ ಕೊಂಡಿಗಳನ್ನು ಸರ್ಕಾರವೇ ಹೊತ್ತುಕೊಂಡಿತು. ಲಾಂಗ್‌ಶಿಪ್ ಎಂಬ ಆ ಕಾರ್ಯಕ್ರಮದ ಖರ್ಚಿನ ಸುಮಾರು ಮೂರನೇ ಎರಡು ಭಾಗ ಸರ್ಕಾರದ್ದು. ಕಾನೂನಿನ ತೊಡಕು ಬೇರೆ: ಸಮುದ್ರಕ್ಕೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಪ್ರೋಟೊಕಾಲ್ ಪ್ರಕಾರ ಒಂದು ದೇಶದ ಅನಿಲವನ್ನು ಇನ್ನೊಂದು ದೇಶದ ಕಡಲಡಿ ಹೂಳಲು ಸಾಗಿಸುವುದೇ ನಿಷಿದ್ಧವಾಗಿತ್ತು. 2009ರ ತಿದ್ದುಪಡಿ, 2019ರ ತಾತ್ಕಾಲಿಕ ಒಪ್ಪಿಗೆ, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸ್ವೀಡನ್, ನಾರ್ವೆ ನಡುವಿನ ಏರ್ಪಾಡು, ಇಷ್ಟಾದ ಮೇಲೆ ಹಡಗಿಗೆ ದಾರಿ ತೆರೆಯಿತು. ಕ್ರೆಡಿಟ್ಟಿನ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಒಂದು ಕೊಂಡಿ ತಡವಾದರೆ ಯಾರು ಯಾರಿಗೆ ಪರಿಹಾರ ಕೊಡಬೇಕು ಎಂದು ಕೇಳುವವಳು ನೀನಾಗಬೇಕು.

ಈಗ ಕೊಳ್ಳುವವನ ಕಡೆ ಬಾ. ಹತ್ತು ವರ್ಷದಲ್ಲಿ ವಾರ್ತನ್ ಹಿಡಿಯಬಹುದಾದದ್ದು ಸುಮಾರು 80 ಲಕ್ಷ ಟನ್. ಅದರಲ್ಲಿ 50 ಲಕ್ಷಕ್ಕೂ ಹೆಚ್ಚು ಒಬ್ಬನೇ ಗಿರಾಕಿಗೆ. ಡೆನ್ಮಾರ್ಕಿನಲ್ಲೂ ಅದೇ ಕಥೆ. ಓರ್ಸ್ಟೆಡ್ ಕಂಪನಿಯ ಕಲುಂಡ್‌ಬೋರ್ಗ್ ಯೋಜನೆ, ವರ್ಷಕ್ಕೆ 4.3 ಲಕ್ಷ ಟನ್ನಿನದು, 2023ರಲ್ಲಿ ಡೆನ್ಮಾರ್ಕ್ ಸರ್ಕಾರದ 20 ವರ್ಷದ ನೆರವು ಪಡೆಯಿತು, ಜೊತೆಗೆ 27.6 ಲಕ್ಷ ಟನ್ ಕ್ರೆಡಿಟ್ ಕೊಂಡವರು ಯಾರು? ಮೈಕ್ರೋಸಾಫ್ಟ್. ಜಗತ್ತಿನಲ್ಲಿ ಈವರೆಗೆ ಕರಾರಾದ ದೀರ್ಘಕಾಲ ಉಳಿಯುವ ಕ್ರೆಡಿಟ್ಟುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಆ ಒಂದು ಕಂಪನಿಯದೇ. 2030ಕ್ಕೆ ತಾನು ಬಿಡುವುದಕ್ಕಿಂತ ಹೆಚ್ಚು ಇಂಗಾಲ ತೆಗೆಯುತ್ತೇನೆ ಎಂದು 2020ರಲ್ಲಿ ಮಾತು ಕೊಟ್ಟ ಕಂಪನಿ ಅದು. ಮಾತು ಕೊಟ್ಟ ಮೇಲೆ ಡೇಟಾ ಸೆಂಟರುಗಳ ಕಾಲ ಬಂದು, ಅದರ ಹೊರಸೂಸುವಿಕೆ 2023ರ ಹೊತ್ತಿಗೆ ಸುಮಾರು ಶೇಕಡಾ 29 ಏರಿತ್ತು. ಕೊಳ್ಳುವ ಅವಸರವೂ ಏರಿತು.

ಸಾಹುಕಾರ ಒಳ್ಳೆಯವನೇ ಇರಬಹುದು. ಆದರೂ ಒಬ್ಬನೇ ಸಾಹುಕಾರನನ್ನು ನಂಬಿದ ಸಂತೆ ಸಂತೆಯಲ್ಲ. ಆ ಕಂಪನಿಯ ಆಡಳಿತ ಮಂಡಳಿ ಒಂದು ದಿನ ಮನಸ್ಸು ಬದಲಿಸಿದರೆ ಅರ್ಧ ಕ್ಷೇತ್ರ ಮಗುಚುತ್ತದೆ. ಈ ಕ್ರೆಡಿಟ್ಟನ್ನು ಕೊಳ್ಳಲೇಬೇಕೆಂಬ ಕಾನೂನು ಇನ್ನೂ ಎಲ್ಲೂ ಸರಿಯಾಗಿ ಬಂದಿಲ್ಲ, ಎಲ್ಲ ಸ್ವಯಂಪ್ರೇರಣೆ. ಅಮೆರಿಕದ ರನ್ನಿಂಗ್ ಟೈಡ್ ಎಂಬ ಕಂಪನಿ ಸಮುದ್ರದಲ್ಲಿ ಇಂಗಾಲ ಮುಳುಗಿಸುವ ಯೋಜನೆಗೆ ದೊಡ್ಡ ದೊಡ್ಡ ಗಿರಾಕಿಗಳ ಹೆಸರನ್ನೇ ಸಂಪಾದಿಸಿತ್ತು. ಬೇಡಿಕೆ ಸಾಲದೆ 2024ರ ಜೂನ್‌ನಲ್ಲಿ ಬಾಗಿಲು ಹಾಕಿತು. ಆದ್ದರಿಂದ ಖರೀದಿ ಕರಾರಿನ ಹಿಂದೆ ಯಾರ ಬ್ಯಾಲೆನ್ಸ್ ಶೀಟ್ ಇದೆ, ಸಹಿ ಮಾಡಿದ್ದು ಮೂಲ ಕಂಪನಿಯೋ ಅದರ ಯಾವುದೋ ಮರಿ ಸಂಸ್ಥೆಯೋ, ಎಷ್ಟು ದಿನದ ನೋಟೀಸಿನಲ್ಲಿ ಅವರು ಕೈತೊಳೆದುಕೊಳ್ಳಬಹುದು ಎಂದು ಓದು. "ಆಸಕ್ತಿ ಪತ್ರ" ಎಂಬ ಹಾಳೆಗಳನ್ನು ಬೇರೆ ಕಡತದಲ್ಲಿ ಹಾಕಿಡು. ಅದರ ಮೇಲೆ ಬ್ಯಾಂಕು ಒಂದು ರೂಪಾಯಿಯನ್ನೂ ಕೊಡದು.

ದುಡ್ಡು ಯಾವಾಗ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. 2022ರ ಏಪ್ರಿಲ್‌ನಲ್ಲಿ ಸ್ಟ್ರೈಪ್, ಆಲ್ಫಾಬೆಟ್, ಶಾಪಿಫೈ, ಮೆಟಾ, ಮೆಕಿನ್ಸೆ ಸೇರಿ 92.5 ಕೋಟಿ ಡಾಲರಿನ ಫ್ರಾಂಟಿಯರ್ ಎಂಬ ಕೂಟ ಕಟ್ಟಿದವು. ಇನ್ನೂ ಎಳೆಯ ತಂತ್ರಜ್ಞಾನಕ್ಕೆ ಅವರು ಸಣ್ಣ ಮೊತ್ತ ಮುಂಗಡ ಕೊಡುತ್ತಾರೆ. ಬೆಳೆದ ಯೋಜನೆಯಾದರೆ ಟನ್ನು ಹೂಳಿ, ಅಳೆದು, ಪ್ರಮಾಣೀಕರಿಸಿದ ಮೇಲಷ್ಟೇ ಹಣ. ಬಡ ದೇಶಗಳ ಮಕ್ಕಳಿಗೆ ನ್ಯುಮೋನಿಯಾ ಲಸಿಕೆ ತಯಾರಿಸಲು ಕಂಪನಿಗಳಿಗೆ ಮೊದಲೇ ಖರೀದಿ ಭರವಸೆ ಕೊಟ್ಟ ಮಾದರಿಯನ್ನೇ ಅವರು ಅನುಸರಿಸಿದ್ದು. ಒಳ್ಳೆಯ ಉಪಾಯ. ಆದರೆ ಡೆಲಿವರಿ ಮೇಲೆ ದುಡ್ಡು ಎಂದರೆ, ಘಟಕ ಕಟ್ಟುವ ಮೂರು ನಾಲ್ಕು ವರ್ಷ ಕೈಯಲ್ಲಿ ಇರುವುದು ಬರೀ ಸಹಿ. ಆ ಅವಧಿಯ ಬಡ್ಡಿ ಎಲ್ಲಿಂದ? ಪ್ರವರ್ತಕರ ಬಂಡವಾಳದಿಂದಲೇ ಬರಬೇಕು. ಈ ಕ್ಷೇತ್ರದಲ್ಲಿ ಮಾರಾಟವಾಗಿದೆ ಎಂದು ಘೋಷಿಸಿದ ಟನ್ನುಗಳಲ್ಲಿ ನಿಜವಾಗಿ ಹೂಳಿ ಕೈಗೆ ಕೊಟ್ಟದ್ದು ಇನ್ನೂ ಬಹಳ ಕಡಿಮೆ ಎಂಬುದನ್ನು ನೆನಪಿಟ್ಟು, ಸಾಲದ ಕಂತು ಶುರುವಾಗುವ ದಿನಾಂಕವನ್ನು ಉದಾರವಾಗಿಯೇ ಮುಂದಕ್ಕೆ ತಳ್ಳಿ ಕೇಳು.

ಬೆಲೆಗೆ ಕಟ್ಟುಬಿದ್ದವರ ಗತಿ ಬೇಕಾದರೆ ಟೆಕ್ಸಾಸಿನ ಪೆಟ್ರಾ ನೋವಾ ನೋಡು. ಕಲ್ಲಿದ್ದಲು ಸ್ಥಾವರದ ಹೊಗೆ ಹಿಡಿದು ಎಣ್ಣೆ ಬಾವಿಗೆ ನುಗ್ಗಿಸಿ, ಹೆಚ್ಚುವರಿ ಎಣ್ಣೆ ಮಾರಿ ಖರ್ಚು ತೆಗೆಯುವ ಲೆಕ್ಕ. 2017ರಲ್ಲಿ ಶುರು; 2020ರಲ್ಲಿ ಎಣ್ಣೆ ಬೆಲೆ ನೆಲ ಕಚ್ಚಿದಾಗ ನಿಂತಿತು; ಮತ್ತೆ ಓಡಿದ್ದು 2023ರಲ್ಲಿ. ನಿಂತದ್ದು ಯಂತ್ರ ಕೆಟ್ಟು ಅಲ್ಲ.

ಅಮೆರಿಕದ್ದೇ ಇನ್ನೊಂದು, ಸಣ್ಣದು, ನಮ್ಮವರು ಹೆಚ್ಚು ನೋಡಬೇಕಾದದ್ದು. ನಾರ್ತ್ ಡಕೋಟಾದ ರಿಚರ್ಡ್‌ಟನ್‌ನಲ್ಲಿ ರೆಡ್ ಟ್ರೇಲ್ ಎನರ್ಜಿ ಎಂಬ ಎಥನಾಲ್ ಕಾರ್ಖಾನೆ ಇತ್ತು. 2025ರಲ್ಲಿ ಗೀವೋ ಕಂಪನಿ ಅದನ್ನು ಕೊಂಡಿತು. ಮೆಕ್ಕೆಜೋಳ ಹುಳಿ ಬರುವಾಗ ಏಳುವ ಅನಿಲ ಹೆಚ್ಚುಕಡಿಮೆ ಶುದ್ಧ ಇಂಗಾಲದ ಡೈಆಕ್ಸೈಡೇ. ಬೇರ್ಪಡಿಸುವ ದೊಡ್ಡ ಖರ್ಚೇ ಇಲ್ಲ, ಒಣಗಿಸಿ ಒತ್ತಿದರೆ ಸಾಕು. ಕಾರ್ಖಾನೆಯ ಅಡಿಯಲ್ಲೇ ಸುಮಾರು 2 ಕಿಲೋಮೀಟರ್ ಆಳದಲ್ಲಿ ಯೋಗ್ಯವಾದ ಮರಳುಗಲ್ಲು ಸಿಕ್ಕಿತು, ಹಡಗೂ ಬೇಡ ಉದ್ದದ ಕೊಳವೆಯೂ ಬೇಡ. 2022ರಿಂದ ಹೂಳುತ್ತಿದ್ದಾರೆ. ಅಮೆರಿಕ ಸರ್ಕಾರದ 45ಕ್ಯೂ ತೆರಿಗೆ ರಿಯಾಯಿತಿ ಹೀಗೆ ಹೂಳಿದ ಟನ್ನಿಗೆ 85 ಡಾಲರಿನವರೆಗೆ, 12 ವರ್ಷ ಸಿಗುತ್ತದೆ. ಅದರ ಮೇಲೆ ಫಿನ್ಲೆಂಡಿನ ಪ್ಯೂರೋ ಡಾಟ್ ಅರ್ಥ್ ನೋಂದಣಿಯಲ್ಲಿ ಕ್ರೆಡಿಟ್ಟೂ ಮಾರುತ್ತಾರೆ. ಸರ್ಕಾರದ ಖಚಿತ ಹಣ ಅಡಿಪಾಯ, ಕ್ರೆಡಿಟ್ಟು ಅದರ ಮೇಲಿನ ಗೋಡೆ.

ಇದನ್ನು ಓದಿದ ತಕ್ಷಣ ನಿನಗೆ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಡಿಸ್ಟಿಲರಿಗಳು ನೆನಪಾಗುತ್ತವೆ, ನನಗೆ ಗೊತ್ತು. ಕಾಕಂಬಿ ಹುಳಿ ಬರುವಾಗಲೂ ಅದೇ ಶುದ್ಧ ಅನಿಲ, ಅದೂ ಕಬ್ಬು ಗಾಳಿಯಿಂದ ಎಳೆದದ್ದೇ. ಈಗ ಕೆಲವರು ಅದನ್ನು ಹಿಡಿದು ತಂಪು ಪಾನೀಯದವರಿಗೆ, ಡ್ರೈ ಐಸಿನವರಿಗೆ ಮಾರುತ್ತಾರೆ. ಬಾಟಲಿ ತೆರೆದೊಡನೆ ಮತ್ತೆ ಗಾಳಿಗೆ, ಹಾಗಾಗಿ ಅದಕ್ಕೆ ಕ್ರೆಡಿಟ್ ಇಲ್ಲ. ಹೂಳೋಣವೆಂದರೆ ಜಾಗ? ಮಂಡ್ಯದ ಅಡಿಯಲ್ಲಿ ಇರುವುದು ಗಟ್ಟಿ ಗ್ರಾನೈಟು, ನೈಸ್ ಶಿಲೆ. ಅನಿಲ ಸೇರಿಸಿಕೊಳ್ಳುವ ರಂಧ್ರಗಳಿಲ್ಲ. ಉತ್ತರದಲ್ಲಿ, ಬೆಳಗಾವಿಯಿಂದ ಬೀದರಿನವರೆಗೆ ಹಲವೆಡೆ ಡೆಕ್ಕನ್ ಬಸಾಲ್ಟು ಹಾಸಿದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್‌ನವರು ಬಸಾಲ್ಟಿನೊಳಗೆ ಅನಿಲವನ್ನು ನೀರಿನಲ್ಲಿ ಕರಗಿಸಿ ಬಿಟ್ಟು, ಎರಡೇ ವರ್ಷದಲ್ಲಿ ಬಹುಪಾಲು ಕಲ್ಲಾದದ್ದನ್ನು 2016ರಲ್ಲಿ ತೋರಿಸಿದರು. ಆದರೆ ಅದು ಅಲ್ಲಿನ ಹೊಸ, ರಂಧ್ರಭರಿತ ಕಲ್ಲು. ಅಪಾರ ನೀರೂ ಬೇಕು. ವಿಜಯಪುರದ ಕಡೆ ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ ಎಂದು ಅಲ್ಲಿಯ ರೈತರನ್ನು ಕೇಳಿ ನೋಡು. ಇಂದು ಕರ್ನಾಟಕದಲ್ಲಿ ಅನಿಲ ಹೂಳುವ ಬಾವಿ ಒಂದೂ ಇಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಇಂಗಾಲ ಹಿಡಿದು ಬಳಸುವ ರಾಷ್ಟ್ರೀಯ ಕೇಂದ್ರವೊಂದು ನಡೆಯುತ್ತಿದೆ, ಅದು ಸಂಶೋಧನೆ. ಸದ್ಯಕ್ಕೆ ನಮ್ಮ ದೇಶಕ್ಕೆ ಈ ಕ್ರೆಡಿಟ್ಟಿನ ಹಣ ಬರುತ್ತಿರುವುದು ಬೇರೆ ದಾರಿಗಳಲ್ಲಿ: ಬೆಳೆಯ ಕಸವನ್ನು ಇದ್ದಿಲು ಮಾಡಿ ಮಣ್ಣಿಗೆ ಸೇರಿಸುವ ವರಾಹ ಕಂಪನಿಯಿಂದ 1 ಲಕ್ಷ ಟನ್ ಕೊಳ್ಳಲು ಗೂಗಲ್ 2025ರ ಜನವರಿಯಲ್ಲಿ ಒಪ್ಪಿತು, ಬಸಾಲ್ಟ್ ಪುಡಿಯನ್ನು ರೈತರ ಗದ್ದೆಗೆ ಹರಡುವ ಮತಿ ಕಾರ್ಬನ್ ಅದೇ ವರ್ಷ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಗೆದ್ದಿತು.

ಹೂಳಿದ ಮೇಲೂ ಋಣ ತೀರುವುದಿಲ್ಲ. ಸೋರಿದರೆ ಯಾರು ಹೊಣೆ? ಯುರೋಪಿನ 2009ರ ನಿಯಮದ ಪ್ರಕಾರ ಬಾವಿ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪನಿಯೇ ಕಾಯಬೇಕು, ಆಮೇಲೆ ಜವಾಬ್ದಾರಿ ಸರ್ಕಾರಕ್ಕೆ. ಅಮೆರಿಕದಲ್ಲಿ ಸಾಮಾನ್ಯ ನಿಯಮ 50 ವರ್ಷದ ನಿಗಾ. ಇಲಿನಾಯ್‌ನ ಡೆಕಾಟೂರ್‌ನಲ್ಲಿ ಎಡಿಎಂ ಕಂಪನಿಯ ಎಥನಾಲ್ ಅನಿಲ, ನಿಗಾ ಬಾವಿಯೊಂದರ ಮೂಲಕ ಹೋಗಬಾರದ ಪದರಕ್ಕೆ ಸೇರಿದ್ದು ಗೊತ್ತಾಗಿ, 2024ರಲ್ಲಿ ಹೂಳುವುದನ್ನೇ ನಿಲ್ಲಿಸಬೇಕಾಯಿತು. ನಿಂತ ತಿಂಗಳುಗಳಲ್ಲಿ ಕ್ರೆಡಿಟ್ ಹುಟ್ಟುವುದಿಲ್ಲ, ಕಂತು ಮಾತ್ರ ಬರುತ್ತಲೇ ಇರುತ್ತದೆ. ವಿಮೆ ಯಾರದು, ಮೀಸಲು ನಿಧಿ ಎಷ್ಟು ಎಂಬುದು ನಿನ್ನ ಟಿಪ್ಪಣಿಯಲ್ಲಿ ಇರಲೇಬೇಕು.

ಒಂದು ಮಾತು ಲೆಕ್ಕಕ್ಕೆ ಮೀರಿದ್ದು. ವಾರ್ತನ್‌ನಲ್ಲಿ ಹೂಳುವ ಅದೇ ಟನ್ನನ್ನು ಸ್ವೀಡನ್ ತನ್ನ 2045ರ ರಾಷ್ಟ್ರೀಯ ಗುರಿಗೆ ಎಣಿಸಿಕೊಳ್ಳುತ್ತದೆ, ಮೈಕ್ರೋಸಾಫ್ಟ್ ತನ್ನ ಕಂಪನಿಯ ಗುರಿಗೂ ಎಣಿಸಿಕೊಳ್ಳುತ್ತದೆ. ಒಂದು ದೇಶದ ಪುಸ್ತಕ, ಒಂದು ಕಂಪನಿಯ ಪುಸ್ತಕ, ಎರಡೂ ಬೇರೆ, ತಪ್ಪೇನಿಲ್ಲ ಎನ್ನುವವರಿದ್ದಾರೆ. ತೆರಿಗೆದಾರರ ದುಡ್ಡಿನಲ್ಲಿ ಆಗಲೇ ಆಗುತ್ತಿದ್ದ ಕೆಲಸಕ್ಕೆ ಕಂಪನಿ ತನ್ನ ಹೆಸರು ಬರೆದುಕೊಂಡಿತು ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳುವುದಾದರೆ, ಕ್ರೆಡಿಟ್ಟಿನ ಹಣವಿಲ್ಲದಿದ್ದರೆ ಘಟಕ ಏಳುತ್ತಿರಲಿಲ್ಲ ಎಂದು ಕಾಗದದ ಮೇಲೆ ತೋರಿಸಲು ಆದರೆ ಮಾತ್ರ ಅದು ಕ್ರೆಡಿಟ್ಟು. ಇಲ್ಲವಾದರೆ ಜಾಹೀರಾತು. ಯುರೋಪು 2024ರ ಕೊನೆಯಲ್ಲಿ ಈ ಪ್ರಮಾಣೀಕರಣಕ್ಕೆ ಕಾನೂನು ತಂದದ್ದು ಇಂಥ ಜಗಳಗಳಿಗೆ ಒಂದು ಅಳತೆಗೋಲು ಬೇಕೆಂದೇ. ಭಾರತವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟಿಸಿದೆ. ಇಲ್ಲಿ ಹುಟ್ಟಿದ ಟನ್ನನ್ನು ಹೊರಗೆ ಮಾರಿದರೆ ನಮ್ಮ ದೇಶದ ಲೆಕ್ಕದಿಂದ ಕಳೆಯಬೇಕಾ ಎಂಬ ಪ್ರಶ್ನೆ ನಿನ್ನ ಕಾಲದಲ್ಲಿ ದೊಡ್ಡದಾಗಿಯೇ ಏಳುತ್ತದೆ. ಮಾರುವ ಆತುರದಲ್ಲಿ ಅದನ್ನು ಮರೆತ ಕರಾರಿಗೆ ನಿನ್ನ ಹೆಸರು ಇರದಂತೆ ನೋಡಿಕೋ.

ಹೆದರಿಸಲು ಬರೆದದ್ದಲ್ಲ ಇದು. ಉಕ್ಕು, ಸಿಮೆಂಟು, ವಿಮಾನ ಇವುಗಳ ಹೊಗೆ ಪೂರ್ತಿ ನಿಲ್ಲುವ ತನಕ ಗಾಳಿಯಿಂದ ತೆಗೆಯುವ ಕೆಲಸ ಬೇಕೇ ಬೇಕು, ಅದಕ್ಕೆ ದುಡ್ಡು ಹೊಂದಿಸುವವರೂ ಬೇಕು. ನಿನಗೆ ಲೆಕ್ಕ ಬರುತ್ತದೆ, ಇಂಜಿನಿಯರಿಂಗೂ ಬರುತ್ತದೆ. ಬ್ಯಾಂಕಿನವರ ಮುಂದೆ ಕೂತಾಗ ಹವಾಮಾನದ ಭಾಷಣ ಬೇಡ. ಖರೀದಿದಾರ, ಟನ್ನಿನ ದರ, ಸರ್ಕಾರದ ಆದೇಶದ ಸಂಖ್ಯೆ, ಬಾವಿಯ ಪರವಾನಗಿ, ತಡವಾದರೆ ಪರಿಹಾರ, ಇವಿಷ್ಟನ್ನು ಎರಡು ಪುಟದಲ್ಲಿ ಹೇಳು. ಮೊದಲ ಫೈಲು ಕೈಗೆ ಬಂದಾಗ ಬಣ್ಣದ ಚಿತ್ರಗಳಿರುವ ಮೊದಲಿನ ಪುಟಗಳನ್ನು ಬಿಟ್ಟು, ಖರೀದಿ ಕರಾರಿನ ರದ್ದತಿಯ ಕಲಮಿನಿಂದ ಓದಲು ಶುರುಮಾಡು. ಅರ್ಥವಾಗದಿದ್ದರೆ ಆ ಒಂದು ಕಲಮನ್ನು ನಿಮ್ಮ ವಕೀಲರಿಂದ ಬಿಡಿಸಿ ಕೇಳು, ಆಮೇಲೆ ನನಗೆ ಫೋನ್ ಮಾಡು.